ಆಟಿಯ ಮಳೆಗೂ ತಪ್ಪದ ಅಭ್ಯಾಸ: ಸಣ್ಣ ಬದಲಾವಣೆಗಳಿಂದ ದಿನಚರಿ ಕಟ್ಟಿಕೊಳ್ಳುವ ಬಗೆ

ಕಾಸರಗೋಡು ಜಿಲ್ಲೆಯ ಕನ್ನಡ ಮನೆಗಳಲ್ಲಿ ಹೊಸ ಸಂಕಲ್ಪಗಳು ಹೆಚ್ಚಾಗಿ ಏಪ್ರಿಲ್ ನಡುವಿನಲ್ಲಿ ಬರುವ ಹೊಸ ವರ್ಷವಾದ ವಿಷುವಿನ ಹೊತ್ತಿಗೆ ಹುಟ್ಟುತ್ತವೆ. ಕಣಿ ನೋಡಿ, ಹಿರಿಯರಿಗೆ ನಮಸ್ಕರಿಸಿ, ಇನ್ನು ಮುಂದೆ ಬೆಳಗ್ಗೆ ನಡೆಯಲು ಹೋಗುತ್ತೇನೆ, ದಿನವೂ ಸ್ವಲ್ಪ ಓದುತ್ತೇನೆ, ತೋಟದ ಖರ್ಚು ಬರೆದಿಡುತ್ತೇನೆ, ಹೊಗೆಸೊಪ್ಪು ಬಿಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುವವರು ಬಹಳ ಮಂದಿ. ಏಪ್ರಿಲ್ ಮುಗಿಯುವವರೆಗೆ ಅದು ನಡೆಯುತ್ತದೆ. ಮೇ ತಿಂಗಳು ಮದುವೆ, ಉಪನಯನ, ಗೃಹಪ್ರವೇಶಗಳ ಓಡಾಟದಲ್ಲಿ ಕಳೆಯುತ್ತದೆ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯುತ್ತದೆ. ಜುಲೈ ನಡುವಿನಲ್ಲಿ ತುಳುವರ ಜಡಿಮಳೆಯ ತಿಂಗಳಾದ ಆಟಿ ಕಾಲಿಡುವಷ್ಟರಲ್ಲಿ ಸಂಕಲ್ಪದ ನೆನಪೂ ಉಳಿದಿರುವುದಿಲ್ಲ. ಆಗ ಪ್ರತಿಯೊಬ್ಬರೂ ತಮ್ಮ ಸೋಮಾರಿತನವನ್ನೇ ದೂರಿಕೊಳ್ಳುತ್ತಾರೆ.

ಆದರೆ ನಸುಕಿನಲ್ಲೇ ಎದ್ದು ಹಟ್ಟಿಗೆ ಹೋಗಿ, ಹಾಲು ಕರೆದು, ಹೊತ್ತಿಗೆ ಸರಿಯಾಗಿ ಸೊಸೈಟಿಗೆ ತಲುಪಿಸುವವರನ್ನು ಸೋಮಾರಿ ಎನ್ನಲು ಯಾರಿಗೂ ಬಾಯಿ ಬರಲಿಕ್ಕಿಲ್ಲ. ಮಳೆಯಿರಲಿ, ಜ್ವರವಿರಲಿ, ಮನೆಯಲ್ಲಿ ಅನುಪತ್ಯವಿರಲಿ (ಮದುವೆ, ಉಪನಯನದಂಥ ಸಮಾರಂಭ), ಆ ಕೆಲಸ ತಪ್ಪುವುದಿಲ್ಲ. ಅಂಥವರಿಂದಲೇ ಹತ್ತು ನಿಮಿಷದ ನಡಿಗೆಯನ್ನು ಉಳಿಸಿಕೊಳ್ಳಲು ಆಗುತ್ತಿಲ್ಲವೆಂದರೆ, ಆ ನಡಿಗೆಯನ್ನು ದಿನದೊಳಗೆ ಕೂರಿಸಿದ ರೀತಿಯಲ್ಲೇ ಏನೋ ಕೊರತೆಯಿದೆ ಎಂದು ತಿಳಿಯಬೇಕು. ಹಾಲು ಕರೆಯಲು ಹಸುವಿನ ಕೂಗಿದೆ, ಸೊಸೈಟಿಯ ಸಮಯವಿದೆ, ಕೈಗೆಟಕುವಲ್ಲಿ ಪಾತ್ರೆಯಿದೆ. ನಡಿಗೆಗೆ ಇವು ಯಾವುವೂ ಇಲ್ಲ. ಇರುವುದು ಬರಿಯ ಮನಸ್ಸು. ಆ ಕೊರತೆಯನ್ನು ತುಂಬಿಕೊಳ್ಳುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ. ನಮ್ಮ ಊರಿನ ಹವೆ, ಬೆಳೆ, ಮನೆವಾರ್ತೆಗಳಿಗೆ ಹೊಂದದ ಯಾವ ಸೂತ್ರವೂ ಒಂದು ಮಳೆಗಾಲವನ್ನು ದಾಟಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಭ್ಯಾಸ ಗಟ್ಟಿಯಾಗಲು ಎಷ್ಟು ದಿನ ಬೇಕು

ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲೆಡೆ ಹರಡಿದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಅವಲೋಕನ. ಶಸ್ತ್ರಚಿಕಿತ್ಸೆಯಾದ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಹೇಳಿದ್ದರು. ಬಾಯಿಂದ ಬಾಯಿಗೆ ದಾಟುವಾಗ ‘ಕನಿಷ್ಠ’ ಎಂಬುದು ಬಿದ್ದುಹೋಗಿ, ಅಂಕಿ ಮಾತ್ರ ಉಳಿಯಿತು.

ಇದನ್ನು ಕ್ರಮಬದ್ಧವಾಗಿ ಅಳೆದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 96 ಮಂದಿ ಭಾಗವಹಿಸಿದ್ದರು. ಪ್ರತಿಯೊಬ್ಬರೂ ತಿನ್ನುವ, ಕುಡಿಯುವ ಅಥವಾ ಮೈಯಾಡಿಸುವ ಒಂದು ಹೊಸ ಕೆಲಸವನ್ನು ಆರಿಸಿಕೊಂಡು, ದಿನದ ಒಂದೇ ಸಂದರ್ಭಕ್ಕೆ ಅದನ್ನು ಕಟ್ಟಿ, 84 ದಿನ ನಡೆಸಿದರು. ಕೆಲಸವು ಯೋಚನೆಯಿಲ್ಲದೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ತಗಲುವ ಕಾಲ ಜನರಿಂದ ಜನರಿಗೆ 18 ದಿನದಿಂದ 254 ದಿನದವರೆಗೆ ವ್ಯತ್ಯಾಸವಾಗುತ್ತದೆ ಎಂದು ಅವರ ಲೆಕ್ಕಾಚಾರ ತೋರಿಸಿತು. ನಡುವಿನ ಅಂಕಿ 66 ದಿನ. ಒಂದು ಲೋಟ ನೀರು ಕುಡಿಯುವಂಥ ಸರಳ ಕೆಲಸಗಳು ಬೇಗ ರೂಢಿಯಾದವು, ವ್ಯಾಯಾಮಕ್ಕೆ ಸಂಬಂಧಿಸಿದವು ಹೆಚ್ಚು ಕಾಲ ಹಿಡಿದವು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ ಎಂಬುದನ್ನೂ ಆ ಅಧ್ಯಯನ ಗುರುತಿಸಿದೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕ್ಯಾಲೆಂಡರನ್ನು ನೋಡೋಣ. ಏಪ್ರಿಲ್ 14ಕ್ಕೆ ಶುರುಮಾಡಿದ ಅಭ್ಯಾಸಕ್ಕೆ 66 ದಿನ ತುಂಬುವುದು ಜೂನ್ 19ಕ್ಕೆ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಅಂದರೆ, ಅಂಗಳ ಒಣಗಿದ್ದ, ದಾರಿ ಚೊಕ್ಕಟವಿದ್ದ, ಆರು ಗಂಟೆಗೇ ಬೆಳಕು ಹರಿಯುತ್ತಿದ್ದ ದಿನಗಳಲ್ಲಿ ಹುಟ್ಟಿದ ನಡಿಗೆಯು ಬೇರು ಬಿಡುವ ಮೊದಲೇ ಅದರ ಸುತ್ತಲಿನದೆಲ್ಲವೂ ಬದಲಾಗಿರುತ್ತದೆ. ನಮ್ಮ ಸಂಕಲ್ಪಗಳು ಜೂನ್‌ನಲ್ಲಿ ಮುರಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕುವ ಅಗತ್ಯವಿಲ್ಲ.

ಸುತ್ತಲಿನದು ಎಂಬುದಕ್ಕೆ ಇಷ್ಟು ಒತ್ತು ಕೊಡಲು ಆಧಾರವಿದೆ. ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಸಂಶೋಧನೆಗಾಗಿ ವಿದ್ಯಾರ್ಥಿಗಳು ಗಂಟೆಗೊಮ್ಮೆ ತಾವು ಮಾಡುತ್ತಿದ್ದುದನ್ನು ಬರೆದಿಟ್ಟರು. ಅವುಗಳಲ್ಲಿ ಸುಮಾರು 43 ಶೇಕಡಾ ಕೆಲಸಗಳು ಬಹುತೇಕ ಪ್ರತಿದಿನವೂ, ಹೆಚ್ಚಾಗಿ ಅದೇ ಸ್ಥಳ ಸಂದರ್ಭಗಳಲ್ಲಿ ನಡೆಯುವಂಥವಾಗಿದ್ದವು. ಜಾಗ, ಹೊತ್ತು, ಹಿಂದಿನ ಕೆಲಸ, ಜೊತೆಗಿರುವವರು, ಇವೇ ಮುಂದಿನ ಕೆಲಸವನ್ನು ಎಬ್ಬಿಸುವ ಸೂಚನೆಗಳು. ಹೊಸ ಅಭ್ಯಾಸ ಬೇಕಾದವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಈ ಸೂಚನೆಯನ್ನು.

ಮೊದಲ ಹಂತ: ತಪ್ಪದ ಕೆಲಸಗಳ ಪಟ್ಟಿ

ಹೊಸತನ್ನು ಆರಂಭಿಸುವ ಮೊದಲು ಒಂದು ವಾರ ಸುಮ್ಮನೆ ನೋಡಬೇಕು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ, ನೀವು ದಿನವೂ ತಪ್ಪದೆ ಮಾಡುವ ಕೆಲಸಗಳನ್ನು ಅವು ನಡೆಯುವ ಜಾಗದೊಂದಿಗೆ ಬರೆಯಿರಿ. ಬಚ್ಚಲಲ್ಲಿ ಹಲ್ಲುಜ್ಜುವುದು, ಅಡುಗೆಮನೆಯಲ್ಲಿ ಬೆಳಗಿನ ಚಾಯಕ್ಕೆ ನೀರಿಡುವುದು, ಪೇಪರ್ ಎತ್ತಿಕೊಂಡು ಬರುವುದು, ಹಸುವಿಗೆ ಹುಲ್ಲು ಹಾಕುವುದು, ಮಧ್ಯಾಹ್ನದ ಊಟವಾಗಿ ಬಟ್ಟಲು ತೊಳೆಯುವುದು, ಮುಸ್ಸಂಜೆ ದೇವರಿಗೆ ದೀಪ ಇಡುವುದು, ಮಲಗುವ ಮೊದಲು ಎದುರಿನ ಬಾಗಿಲಿಗೆ ಚಿಲಕ ಹಾಕುವುದು. ಮಂಗಳೂರಿಗೆ ಕೆಲಸಕ್ಕೋ ಕಾಲೇಜಿಗೋ ಹೋಗುವವರಾದರೆ ಕುಂಬಳೆಯಲ್ಲೋ ಉಪ್ಪಳದಲ್ಲೋ ಮಂಜೇಶ್ವರದಲ್ಲೋ ರೈಲು ಹತ್ತಿ ಕೂರುವುದೂ ಈ ಪಟ್ಟಿಗೆ ಸೇರುತ್ತದೆ.

ಬರೆದಾದ ಮೇಲೆ ಪ್ರತಿಯೊಂದರ ಎದುರು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಆಟಿಯಲ್ಲೂ ಇದೇ ರೀತಿ ನಡೆಯುತ್ತದೆಯೇ? ಅಂಗಳದಲ್ಲಿ ಅಡಿಕೆ ಹರಡುವುದು ಮಳೆಗಾಲದಲ್ಲಿ ಇರುವುದಿಲ್ಲ. ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವುದು ಬೇಸಗೆಯ ಕೆಲಸ. ಬಿದ್ದ ಅಡಿಕೆ ಹೆಕ್ಕುವುದಕ್ಕೂ ಕಾಲವಿದೆ. ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸುವುದು ಏಪ್ರಿಲ್, ಮೇ ತಿಂಗಳಲ್ಲಿ ನಿಲ್ಲುತ್ತದೆ. ಇಂಥವನ್ನು ಹೊಡೆದುಹಾಕಿ. ಉಳಿಯುವುದು ಬಹಳ ಕಡಿಮೆ: ಹಲ್ಲುಜ್ಜುವುದು, ಚಾಯ, ಊಟ, ಹಟ್ಟಿಯ ಕೆಲಸ, ಸಂಜೆಯ ದೀಪ, ಬಾಗಿಲ ಚಿಲಕ. ವರ್ಷಪೂರ್ತಿ ನಂಬಬಹುದಾದ ಗೂಟಗಳು ಇವೇ, ಹೊಸ ಅಭ್ಯಾಸವನ್ನು ಇವಕ್ಕೇ ಕಟ್ಟಬೇಕು.

ಎರಡನೆಯ ಹಂತ: ಒಂದೇ ಒಂದನ್ನು ಆರಿಸಿ, ನಾಚಿಕೆಯಾಗುವಷ್ಟು ಚಿಕ್ಕದು ಮಾಡಿ

ನಡಿಗೆ, ಓದು, ಲೆಕ್ಕ, ಧ್ಯಾನ, ಉಪ್ಪು ಕಡಿಮೆ ಮಾಡುವುದು, ಎಲ್ಲವನ್ನೂ ಒಂದೇ ದಿನ ಶುರುಮಾಡುವವರು ತಿಂಗಳಲ್ಲಿ ಎಲ್ಲವನ್ನೂ ಬಿಡುತ್ತಾರೆ. ಯಾವುದು ಇಲ್ಲದಿದ್ದರೆ ಮುಂದಿನ ವರ್ಷ ನಿಮಗೆ ಹೆಚ್ಚು ಕಷ್ಟವಾಗುತ್ತದೆಯೋ ಅದನ್ನು ಮಾತ್ರ ಆರಿಸಿ. ಉಳಿದವುಗಳಿಗೆ ಸರದಿ ಬರುತ್ತದೆ.

ಆರಿಸಿಕೊಂಡದ್ದನ್ನು ಎರಡು ನಿಮಿಷಕ್ಕಿಂತ ಹೆಚ್ಚು ಬೇಡದ ಗಾತ್ರಕ್ಕೆ ಇಳಿಸಬೇಕು. ಅರ್ಧ ಗಂಟೆಯ ನಡಿಗೆ ಬೇಕಾದವರು ಮೊದಲಿಗೆ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ ಬರುವುದನ್ನೇ ಅಭ್ಯಾಸವೆಂದು ಇಟ್ಟುಕೊಳ್ಳಲಿ. ಪುಸ್ತಕ ಓದಬೇಕೆಂಬವರಿಗೆ ಒಂದು ಪುಟ. ತೋಟದ ಲೆಕ್ಕ ಬರೆಯಬೇಕಾದವರಿಗೆ ಒಂದೇ ಸಾಲು: ತಾರೀಕು, ಯಾರಿಗೆ, ಯಾವುದಕ್ಕೆ, ಎಷ್ಟು. ಮದ್ದು ಸಿಂಪಡಿಸಿದವರ ಕೂಲಿ, ಮೈಲುತುತ್ತು, ಸುಣ್ಣ, ಗೊಬ್ಬರ, ಅಡಿಕೆ ಸುಲಿದವರ ಲೆಕ್ಕ, ಇವನ್ನೆಲ್ಲ ವರ್ಷದ ಕೊನೆಗೆ ನೆನಪಿನಿಂದ ಕೂಡಿಸಲು ಹೊರಟರೆ ಅಡಿಕೆ ಮಾರಿದ ದುಡ್ಡಿನಲ್ಲಿ ನಿಜವಾಗಿ ಉಳಿದದ್ದೆಷ್ಟು ಎಂಬುದು ಯಾವ ಕೃಷಿಕನಿಗೂ ತಿಳಿಯುವುದಿಲ್ಲ. ದಿನಕ್ಕೊಂದು ಸಾಲು ಬರೆದವರಿಗೆ ತಿಳಿಯುತ್ತದೆ. ನನ್ನ ಮಟ್ಟಿಗೆ, ನಮ್ಮ ಊರಿನ ಕೃಷಿಕ ಕುಟುಂಬಗಳು ರೂಢಿಸಿಕೊಳ್ಳಬಹುದಾದ ಎಲ್ಲ ಸಣ್ಣ ಅಭ್ಯಾಸಗಳಲ್ಲಿ ಇದರಷ್ಟು ಬೇಗ ಫಲ ಕೊಡುವುದು ಬೇರೊಂದಿಲ್ಲ.

ಇಷ್ಟು ಚಿಕ್ಕದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಆರೋಗ್ಯವಂತ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಗೇಟಿನವರೆಗಿನ ನಡಿಗೆ ಅದರ ಹತ್ತಿರಕ್ಕೂ ಬರುವುದಿಲ್ಲ ಎಂಬುದು ನಿಜ. ಆದರೆ ಮೊದಲ ಎರಡು ತಿಂಗಳಲ್ಲಿ ನಾವು ಬೆಳೆಸುತ್ತಿರುವುದು ಕಾಲಿನ ಬಲವನ್ನಲ್ಲ, ಹೊರಡುವ ರೂಢಿಯನ್ನು. ದಣಿದ ದಿನ, ತಲೆನೋವಿನ ದಿನ, ನೆಂಟರು ಬಂದ ದಿನವೂ ಮಾಡಿ ಮುಗಿಸಬಹುದಾದಷ್ಟು ಅದು ಚಿಕ್ಕದಿದ್ದರೆ ಮಾತ್ರ ಆ ರೂಢಿಗೆ ಕಡಿತ ಬೀಳುವುದಿಲ್ಲ. ಮನಸ್ಸಿದ್ದ ದಿನ ಹೆಚ್ಚು ನಡೆಯಲು ಯಾರ ಅಡ್ಡಿಯೂ ಇಲ್ಲ; ಆದರೆ ಗೇಟು ಮುಟ್ಟಿದರೆ ಆ ದಿನದ ಕೆಲಸ ಪೂರ್ಣವಾಯಿತೆಂದೇ ಲೆಕ್ಕ, ಈ ಅಳತೆಯನ್ನು ಬದಲಿಸಬಾರದು.

ಮೂರನೆಯ ಹಂತ: ‘ಆದ ಕೂಡಲೇ’ ಎಂಬ ವಾಕ್ಯ

ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ‘ನಾನು ಹೆಚ್ಚು ಓದುತ್ತೇನೆ’ ಎಂಬ ಗುರಿಗಿಂತ ‘ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಂಡವರು ಹೇಳಿದ್ದನ್ನು ಮಾಡಿ ಮುಗಿಸುವ ಸಾಧ್ಯತೆ ಹೆಚ್ಚು ಎಂದು ಅವರು ತೋರಿಸಿದರು. 2006ರಲ್ಲಿ ಅವರು ಪಾಸ್ಕಲ್ ಶೀರನ್ ಅವರೊಂದಿಗೆ 94 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಈ ಪರಿಣಾಮ ಸ್ಪಷ್ಟವಾಗಿ ಕಂಡಿತು.

ನಿಮ್ಮ ಪಟ್ಟಿಯಲ್ಲಿ ಉಳಿದ ಗೂಟವೊಂದನ್ನು ಆರಿಸಿ, ಈ ರೂಪದಲ್ಲಿ ಒಂದು ವಾಕ್ಯವನ್ನು ಕೈಯಾರೆ ಬರೆಯಿರಿ: ‘ಮುಸ್ಸಂಜೆ ದೇವರ ದೀಪ ಇಟ್ಟ ಕೂಡಲೇ, ಜಗಲಿಯಲ್ಲಿ ಕುಳಿತು ಒಂದು ಪುಟ ಓದುತ್ತೇನೆ.’ ‘ಬೆಳಗಿನ ಚಾಯ ಕುಡಿದು ಲೋಟ ಕೆಳಗಿಟ್ಟ ಕೂಡಲೇ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತೇನೆ.’ ‘ರಾತ್ರಿ ಎದುರಿನ ಬಾಗಿಲಿಗೆ ಚಿಲಕ ಹಾಕಿದ ಕೂಡಲೇ, ಇವತ್ತಿನ ಖರ್ಚಿನ ಸಾಲು ಬರೆಯುತ್ತೇನೆ.’ ‘ರೈಲಿನಲ್ಲಿ ಸೀಟು ಸಿಕ್ಕಿ ಕೂತ ಕೂಡಲೇ’ ಎಂಬುದು ಮಾತ್ರ ಬೇಡ, ಏಕೆಂದರೆ ಸೀಟು ಸಿಗದ ದಿನಗಳೇ ಹೆಚ್ಚು. ‘ರೈಲು ಹೊರಟ ಕೂಡಲೇ’ ಎಂದಿರಲಿ.

ಗಡಿಯಾರದ ಹೊತ್ತಿಗಿಂತ ನಡೆಯುವ ಕೆಲಸಕ್ಕೆ ಕಟ್ಟುವುದು ನಮ್ಮ ಕಡೆಯ ಮನೆಗಳಿಗೆ ಹೆಚ್ಚು ಒಪ್ಪುತ್ತದೆ. ಸಂಜೆ ಆರೂವರೆ ಎಂದು ಬರೆದರೆ, ಆರೂವರೆಗೆ ನೀವು ತೋಟದ ತುದಿಯಲ್ಲಿರಬಹುದು, ಬದಿಯಡ್ಕ ಪೇಟೆಯಲ್ಲಿರಬಹುದು. ದೀಪ ಇಡುವುದಾದರೋ ಮನೆಗೆ ಬಂದು ಕೈಕಾಲು ತೊಳೆದ ಮೇಲೆಯೇ ನಡೆಯುವ ಕೆಲಸ. ಅದು ಆದಾಗ ನೀವು ಮನೆಯಲ್ಲೇ ಇರುತ್ತೀರಿ. ಗೂಟವಾಗಿ ಆರಿಸಿದ ಕೆಲಸ ದಿನಕ್ಕೆ ಒಂದೇ ಸಲ ಬರುವಂಥದಾಗಿರಲಿ. ನಾಲ್ಕು ಸಲ ಚಾಯ ಕುಡಿಯುವವರು ‘ಚಾಯ ಆದ ಕೂಡಲೇ’ ಎಂದು ಬರೆದರೆ ಪ್ರತಿ ಸಲವೂ ಮುಂದಿನ ಚಾಯಕ್ಕೆ ಮುಂದೂಡಲು ದಾರಿಯಾಗುತ್ತದೆ.

ದೀಪದ ಹೊತ್ತಿನ ಓದಿನ ಬಗ್ಗೆ ಇನ್ನೂ ನಾಲ್ಕು ಮಾತು ಹೇಳಬೇಕು. ಕವಿಗಳಾದ ಗೋವಿಂದ ಪೈಗಳ ಮಂಜೇಶ್ವರವೂ ಕಯ್ಯಾರ ಕಿಞ್ಞಣ್ಣ ರೈಗಳ ಪೆರಡಾಲವೂ ಇರುವ ಈ ನೆಲದಲ್ಲಿ, ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಆಡುತ್ತ, ಶಾಲೆಯಲ್ಲಿ ಇಂಗ್ಲಿಷನ್ನೂ ಮಲಯಾಳವನ್ನೂ ಓದುವ ಮಕ್ಕಳಿಗೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವ ಸಂದರ್ಭಗಳು ಕಡಿಮೆಯಾಗುತ್ತಿವೆ. ಭಾಷೆ ಉಳಿಯಬೇಕೆಂದು ಸಭೆಗಳಲ್ಲಿ ಮಾತಾಡುವುದು ಬೇಕು. ಅದರ ಜೊತೆಗೆ ಪ್ರತಿ ಮನೆಯಲ್ಲಿ ದಿನಕ್ಕೊಂದು ಪುಟ ಕನ್ನಡವನ್ನು ಗಟ್ಟಿಯಾಗಿ ಓದಿಸುವುದು ಇನ್ನೂ ಹೆಚ್ಚು ಬೇಕು. ನಾನು ಕಂಡ ಒಂದು ಮನೆಯಲ್ಲಿ ದೀಪ ಇಟ್ಟಾದ ಮೇಲೆ ಮೊಮ್ಮಗಳು ಪುಸ್ತಕ ಹಿಡಿದು ಬಂದು, “ಅಜ್ಜಾ, ಕನ್ನಡಕ ಹಾಕಿಕೊಳ್ಳಿ, ಇವತ್ತು ನಿಮ್ಮ ಸರದಿ” ಎನ್ನುತ್ತಾಳೆ. ಒಂದು ದಿನ ಅಜ್ಜ ಓದುತ್ತಾರೆ, ಮರುದಿನ ಅವಳು. ಅವಳು ‘ಒತ್ತಕ್ಷರ’ದಲ್ಲಿ ತಡವರಿಸಿದರೆ ಅಜ್ಜ ಕಾಯುತ್ತಾರೆ, ತಿದ್ದಲು ಅವಸರ ಮಾಡುವುದಿಲ್ಲ. ಒಂದು ಪುಟವಾದೊಡನೆ ಪುಸ್ತಕ ಮುಚ್ಚುತ್ತದೆ. ಇನ್ನೊಂದು ಪುಟ ಬೇಕೆಂದು ಅವಳೇ ಕೇಳುವ ದಿನಗಳೂ ಇವೆ.

ನಾಲ್ಕನೆಯ ಹಂತ: ಜಾಗವನ್ನು ಅಣಿಗೊಳಿಸುವುದು

ಬೇಕಾದ ಕೆಲಸಕ್ಕೆ ಕೈ ಸುಲಭವಾಗಿ ಹೋಗುವಂತೆ, ಬೇಡದ್ದಕ್ಕೆ ಕೈ ಹೋಗಲು ಕಷ್ಟವಾಗುವಂತೆ ಮನೆಯ ವಸ್ತುಗಳ ಜಾಗ ಬದಲಿಸುವುದು ಈ ಹಂತದ ಕೆಲಸ. ಪುಸ್ತಕವೂ ಕನ್ನಡಕವೂ ಜಗಲಿಯ ಗೂಡಿನಲ್ಲಿ, ಒಂದರ ಮೇಲೊಂದು ಇರಬೇಕು. ಪುಸ್ತಕ ಅಟ್ಟದ ಕಪಾಟಿನಲ್ಲಿ, ಕನ್ನಡಕ ಮಲಗುವ ಕೋಣೆಯಲ್ಲಿ ಇದ್ದರೆ ಒಂದು ಪುಟದ ಓದಿಗೆ ಎರಡು ಸಲ ಏಳಬೇಕಾಗುತ್ತದೆ. ಏಳುವಾಗ ದಾರಿಯಲ್ಲಿ ಟಿವಿಯೋ ಮೊಬೈಲೋ ಸಿಗುತ್ತದೆ. ಖರ್ಚಿನ ಪುಸ್ತಕವನ್ನು ಬಾಗಿಲ ಚಿಲಕದ ಹತ್ತಿರವೇ ಮೊಳೆಗೆ ತೂಗುಹಾಕಿ, ಪೆನ್ನನ್ನು ದಾರದಲ್ಲಿ ಅದಕ್ಕೆ ಕಟ್ಟಿ. ಪೆನ್ನಿಗೆ ದಾರ ಕಟ್ಟುವುದು ಬಹಳ ಮುಖ್ಯ. ಕಟ್ಟದ ಪೆನ್ನು ಮೂರನೆಯ ದಿನಕ್ಕೆ ಮಕ್ಕಳ ಚೀಲದಲ್ಲಿರುತ್ತದೆ.

ಉಪ್ಪಿನ ವಿಷಯದಲ್ಲಿ ಈ ಉಪಾಯ ಬಹಳ ಫಲಕಾರಿ. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕುಚ್ಚಿಲಕ್ಕಿಯ ಗಂಜಿ ಆರೋಗ್ಯಕರವಾದ ಊಟವೇ ಸರಿ. ಅದರ ಜೊತೆಗೆ ಬರುವ ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕ ಮೆಣಸು ಮತ್ತು ಮೇಲಿಂದ ಹಾಕಿಕೊಳ್ಳುವ ಚಿಟಿಕೆ ಉಪ್ಪು ಸೇರಿದಾಗ ಲೆಕ್ಕ ತಪ್ಪುತ್ತದೆ. ಉಪ್ಪಿನಕಾಯಿ ಬಿಡಬೇಕೆಂದು ಯಾರಿಗೂ ಹೇಳಬೇಕಾಗಿಲ್ಲ, ಹೇಳಿದರೆ ಯಾರೂ ಕೇಳುವುದೂ ಇಲ್ಲ. ಉಪ್ಪಿನ ಮರಿಗೆಯನ್ನು ಊಟದ ಜಾಗದಿಂದ ಒಳಗಿಡಿ, ಭರಣಿಯನ್ನು ಊಟಕ್ಕೆ ತರುವ ಬದಲು ಅವತ್ತಿಗೆ ಬೇಕಾದಷ್ಟನ್ನು ಸಣ್ಣ ಬಟ್ಟಲಿಗೆ ತೆಗೆದು ತನ್ನಿ, ದೊಡ್ಡ ಚಮಚದ ಬದಲು ಚಿಕ್ಕದನ್ನಿಡಿ. ಎದ್ದು ಹೋಗಿ ತರಬೇಕಾದ ಉಪ್ಪನ್ನು ಹೆಚ್ಚಿನವರು ತರುವುದಿಲ್ಲ.

ಐದನೆಯ ಹಂತ: ಮಳೆಗಾಲದ ರೂಪವನ್ನು ಬೇಸಗೆಯಲ್ಲೇ ನಿಶ್ಚಯಿಸುವುದು

ಈ ಮಾರ್ಗದರ್ಶಿಯಲ್ಲಿ ಅತ್ಯಂತ ಮುಖ್ಯವೆಂದು ನಾನು ತಿಳಿದಿರುವ ಹಂತವಿದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುವ ಊರಿನಲ್ಲಿ ಒಂದೇ ರೂಪದ ಅಭ್ಯಾಸ ವರ್ಷಪೂರ್ತಿ ನಡೆಯಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಪ್ರತಿಯೊಂದು ಅಭ್ಯಾಸಕ್ಕೂ ಬೇಸಗೆಯ ರೂಪ, ಮಳೆಗಾಲದ ರೂಪ, ಮನೆಯಿಂದ ಹೊರಗಿರುವ ದಿನದ ರೂಪ ಎಂದು ಮೂರಿರಬೇಕು, ಮತ್ತು ಮೂರನ್ನೂ ಮೊದಲ ದಿನವೇ ಬರೆದಿಡಬೇಕು. ಮಳೆ ಹಿಡಿದ ಮೇಲೆ ಯೋಚಿಸಿದರಾಯಿತು ಎಂದು ಬಿಟ್ಟವರು ಮಳೆ ಹಿಡಿದ ಮೇಲೆ ಯೋಚಿಸುವುದಿಲ್ಲ. ‘ಮಳೆ ಬಿಡಲಿ, ನೋಡುವ’ ಎಂದು ಕೂರುತ್ತಾರೆ.

ನಡಿಗೆಯನ್ನೇ ತೆಗೆದುಕೊಳ್ಳಿ. ಬೇಸಗೆಯಲ್ಲಿ ಗೇಟಿನವರೆಗೆ ಹೋಗಿ ಬರುವುದು. ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟಿ ಜಾರುತ್ತದೆ, ವಯಸ್ಸಾದವರು ಬಿದ್ದರೆ ಸೊಂಟದ ಎಲುಬಿಗೇ ಪೆಟ್ಟು. ಆದ್ದರಿಂದ ಛತ್ರಿ ಹಿಡಿದು ಹೋಗಿಯೇ ತೀರುತ್ತೇನೆ ಎಂಬ ಹಟ ಬೇಡ. ಜಗಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತು ಸಲ ನಡೆಯುವುದನ್ನು ಮಳೆಗಾಲದ ರೂಪವೆಂದು ಬರೆಯಿರಿ. ಇಲ್ಲಿ ಬದಲಾಗುವುದು ನಡೆಯುವ ಜಾಗ ಮಾತ್ರ. ಬೆಳಗಿನ ಚಾಯದ ಲೋಟ ಕೆಳಗಿಟ್ಟ ಕೂಡಲೇ ಏಳುವುದು ಹಾಗೆಯೇ ಇರುತ್ತದೆ. ಸೂಚನೆ ಬದಲಾಗದಿದ್ದರೆ ರೂಪ ಬದಲಾದರೂ ಅಭ್ಯಾಸ ಮುಂದುವರಿಯುತ್ತದೆ. ಸೆಪ್ಟೆಂಬರಿನಲ್ಲಿ ಅಂಗಳ ಒಣಗಿದಾಗ ಕಾಲು ತಾನಾಗಿ ಗೇಟಿನತ್ತ ಹೊರಳುತ್ತದೆ.

ಓದಿಗೆ ಮಳೆಗಾಲದ ತೊಡಕು ಬೇರೆ: ಕರೆಂಟು. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದ ಸಂಜೆ ಓದುವ ಬೆಳಕಿರುವುದಿಲ್ಲ. ಚಾರ್ಜ್ ಆಗುವ ಒಂದು ಸಣ್ಣ ದೀಪವನ್ನು ಪುಸ್ತಕದ ಜೊತೆಗೇ ಇಡಿ, ಅಥವಾ ಅಂಥ ಸಂಜೆಗಳಿಗೆ ಓದಿನ ಬದಲು ಬಾಯಿಪಾಠದ ಒಂದು ಪದ್ಯ ಎಂದು ಮೊದಲೇ ಮಾತು ಮಾಡಿಕೊಳ್ಳಿ.

ಮನೆಯಿಂದ ಹೊರಗಿರುವ ದಿನಗಳು ಹೆಚ್ಚಾಗಿ ಬೇಸಗೆಯಲ್ಲೇ ಬರುತ್ತವೆ. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ಹೊತ್ತಿಗೆ, ಜಾತ್ರೆ ಆಟಗಳಿಗೆ ತೆರೆಬೀಳುವ ದಿನವಾದ ಪತ್ತನಾಜೆ ಬರುವವರೆಗೆ ಜಾತ್ರೆ, ಕೋಲ, ಯಕ್ಷಗಾನ ಒಂದರ ಹಿಂದೊಂದು ಇರುತ್ತವೆ. ಕುಂಬಳೆ ಸೀಮೆಯವರಿಗೆ, ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರಿಗೆ, ಆಟಕ್ಕೆ ಹೋಗಬೇಡಿ, ಬೇಗ ಮಲಗಿ ಎಂದು ಉಪದೇಶಿಸುವುದರಲ್ಲಿ ಅರ್ಥವಿಲ್ಲ. ಬೆಳಗಿನವರೆಗೆ ಆಟ ನೋಡಿದವರು ಮರುದಿನ ಎಷ್ಟು ಹೊತ್ತಿಗೆ ಎದ್ದರೂ ಎದ್ದು ಚಾಯ ಕುಡಿಯುತ್ತಾರೆ; ಚಾಯಕ್ಕೆ ಕಟ್ಟಿದ ಅಭ್ಯಾಸ ಅಲ್ಲೇ ಇರುತ್ತದೆ, ಬೆಳಗಿನ ಐದು ಗಂಟೆಗೆ ಕಟ್ಟಿದ್ದು ಮಾತ್ರ ತಪ್ಪುತ್ತದೆ. ನೆಂಟರ ಮನೆಯ ಅನುಪತ್ಯಕ್ಕೆ ಹೋಗಿ ಎರಡು ದಿನ ಉಳಿಯುವವರು ಮಾತ್ರೆಯನ್ನು ಬಟ್ಟೆಯ ಚೀಲದಲ್ಲಿ ಹಾಕದೆ ಕಿಸೆಯಲ್ಲಿ ಅಥವಾ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಬಟ್ಟೆಯ ಚೀಲ ಯಾವ ಕೋಣೆಯಲ್ಲಿದೆಯೆಂದು ಹುಡುಕುವಷ್ಟರಲ್ಲಿ ಚಾಯ ಮುಗಿದು ತಿಂಡಿಗೆ ಕರೆ ಬಂದಿರುತ್ತದೆ.

ಆರನೆಯ ಹಂತ: ಗುರುತು ಹಾಕುವುದು, ತಪ್ಪಿದ ದಿನ ಮಾಡಬೇಕಾದದ್ದು

ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕಕ್ಕೆ ಪೆನ್ಸಿಲಿನಿಂದ ಒಂದು ಗೀಟು ಸಾಕು. ಮೊಬೈಲಿನ ಆ್ಯಪ್‌ಗಳು ಕೆಲಸ ಮಾಡುತ್ತವೆಯಾದರೂ, ಗುರುತು ಹಾಕಲು ತೆರೆದ ಮೊಬೈಲು ಇಪ್ಪತ್ತು ನಿಮಿಷ ಕೈಯಲ್ಲೇ ಉಳಿಯುವ ಅಪಾಯವಿರುವುದರಿಂದ ನಾನು ಗೋಡೆಯನ್ನೇ ಸೂಚಿಸುತ್ತೇನೆ. ಗೋಡೆಯ ಗೀಟುಗಳು ಮನೆಯವರಿಗೂ ಕಾಣುತ್ತವೆ, ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸುತ್ತಾರೆ.

ತಪ್ಪಿದ ದಿನ ಚೌಕವನ್ನು ಖಾಲಿ ಬಿಡಿ. ಮರುದಿನ ಎರಡು ಪುಟ ಓದಿ ಸರಿದೂಗಿಸಲು ಹೋಗಬೇಡಿ. ಬಾಕಿ ತೀರಿಸುವ ಲೆಕ್ಕ ಶುರುವಾದರೆ ಐದು ದಿನ ತಪ್ಪಿದವರ ತಲೆಯ ಮೇಲೆ ಐದು ಪುಟದ ಸಾಲ ಕೂರುತ್ತದೆ, ಸಾಲಕ್ಕೆ ಹೆದರಿ ಪುಸ್ತಕವನ್ನೇ ಮುಟ್ಟದಂತಾಗುತ್ತದೆ. ಲ್ಯಾಲಿಯವರ ಅಧ್ಯಯನದಲ್ಲಿ ಒಂದು ದಿನದ ತಪ್ಪು ಅಭ್ಯಾಸವನ್ನು ಕೆಡಿಸಲಿಲ್ಲ ಎಂದು ಮೊದಲೇ ಹೇಳಿದೆ. ಎರಡನೆಯ ದಿನ ತಪ್ಪದಂತೆ ನೋಡಿಕೊಳ್ಳುವುದಷ್ಟೇ ಉಳಿದಿರುವ ಕೆಲಸ. ಒಂದೇ ವಾರದಲ್ಲಿ ಮೂರು ಚೌಕ ಖಾಲಿ ಉಳಿದರೆ, ಕಟ್ಟಿದ ಗೂಟ ಸರಿಯಿಲ್ಲ ಅಥವಾ ಗಾತ್ರ ದೊಡ್ಡದಾಯಿತು ಎಂದರ್ಥ. ವಾಕ್ಯವನ್ನು ಬದಲಿಸಿ ಬರೆಯಿರಿ.

ಏಳನೆಯ ಹಂತ: ಹಳೆಯದನ್ನು ಬಿಡಿಸುವುದು

ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಬಿಡಿಸುವುದು ಕಷ್ಟ. ಹೊಗೆಸೊಪ್ಪನ್ನೇ ಉದಾಹರಣೆಯಾಗಿ ನೋಡಬಹುದು, ಏಕೆಂದರೆ ನಮ್ಮ ಕಡೆ ಅದು ಜಗಲಿಯ ಮರ್ಯಾದೆಯ ಭಾಗವೇ ಆಗಿದೆ. ಬಂದವರ ಎದುರು ಎಲೆ ತಟ್ಟೆ ಇಡುತ್ತಾರೆ. ಅದರಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ, ಪಕ್ಕದಲ್ಲಿ ಮಡಚಿದ ಕಾಗದದೊಳಗೆ ಹೊಗೆಸೊಪ್ಪು. ಮಾತಾಡುತ್ತಾಡುತ್ತ ಎಲೆಯ ತೊಟ್ಟು ಮುರಿದು, ಹೆಬ್ಬೆರಳಿನಿಂದ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟಾದ ಮೇಲೆ ಕೈ ತಾನಾಗಿ ಕಾಗದದ ಕಡೆಗೆ ಹೋಗುತ್ತದೆ. ಆ ಹೊತ್ತಿಗೆ ಯಾರೂ ಬೇಕೋ ಬೇಡವೋ ಎಂದು ಯೋಚಿಸುವುದಿಲ್ಲ. ಜಗಿಯುವ ತಂಬಾಕು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2004ರಲ್ಲಿ ಅಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿದೆ; ಅಡಿಕೆಯನ್ನೇ ನಂಬಿ ಬದುಕುವ ನಮಗೆ ಇದು ಕಹಿಯಾದ ಮಾತಾದರೂ ಓದುಗರಿಂದ ಮರೆಮಾಚುವುದು ಸರಿಯಲ್ಲ. ಹೊಗೆಸೊಪ್ಪಿನಿಂದ ಬಿಡುಗಡೆ ಪಡೆದವರು ಮುಂದೆ ಅಡಿಕೆ ಜಗಿಯುವುದನ್ನೂ ಇಳಿಸುತ್ತ ಬಂದು ಬಿಡುವುದು ಒಳ್ಳೆಯದು.

ಮೊದಲ ಕೆಲಸ, ಹೊಗೆಸೊಪ್ಪನ್ನು ತಟ್ಟೆಯಿಂದ ತೆಗೆದು ಮನೆಯ ಬೇರೆ ಮೂಲೆಯಲ್ಲಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡುವುದು. ಬೇಕಾದವರು ಎದ್ದು ಹೋಗಿ ತೆಗೆಯಲಿ. ಆ ಏಳುವಿಕೆಯಲ್ಲಿ ಯೋಚನೆಗೆ ಒಂದು ಕ್ಷಣ ಸಿಗುತ್ತದೆ. ಎರಡನೆಯದು, ಊಟವಾದ ಮೇಲೆ ಎಲೆ ತಟ್ಟೆಯ ಕಡೆಗೆ ಹೋಗುವ ಕೈಗೆ ಬೇರೊಂದನ್ನು ಕೊಡುವುದು: ‘ಮಧ್ಯಾಹ್ನ ಊಟ ಮಾಡಿ ಕೈತೊಳೆದ ಕೂಡಲೇ, ಒಂದು ಏಲಕ್ಕಿ ಬಾಯಿಗೆ ಹಾಕುತ್ತೇನೆ.’ ಕೈಗೂ ಬಾಯಿಗೂ ಒಂದು ಕೆಲಸ ಬೇಕು. ಖಾಲಿ ಬಿಟ್ಟರೆ ಹಳೆಯದೇ ಮರಳುತ್ತದೆ. ಮೂರನೆಯದು, ಹೊಗೆಸೊಪ್ಪು ಕಾಣದ ಎಲೆ ತಟ್ಟೆಯನ್ನೇ ಬಂದವರ ಎದುರೂ ಇಡಲು ಮನೆಯವರೆಲ್ಲ ಒಪ್ಪಿಕೊಳ್ಳುವುದು.

ಇಷ್ಟು ಮಾಡಿದರೂ ತಂಬಾಕನ್ನು ಬರಿಯ ಅಭ್ಯಾಸವೆಂದು ತಿಳಿಯಬಾರದು. ನಿಕೋಟಿನ್ ಚಟ ಹಿಡಿಸುವ ವಸ್ತು. ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ನಿದ್ರಾಹೀನತೆ, ತಡೆಯಲಾಗದ ಆಸೆ ಬರುವುದು ದೇಹದ ಸಹಜ ಪ್ರತಿಕ್ರಿಯೆ. ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಬಳಸಬಹುದು. ಕೇಂದ್ರ ಸರಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ. ಬಾಯಿಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ಪೂರ್ತಿ ತೆರೆಯಲು ಕಷ್ಟ, ಇವುಗಳಲ್ಲಿ ಯಾವುದಿದ್ದರೂ ಅಭ್ಯಾಸ ಬಿಡಿಸುವ ಕ್ರಮಗಳಿಗಾಗಿ ಕಾಯದೆ ಕೂಡಲೇ ದಂತವೈದ್ಯರಿಗೆ ತೋರಿಸಬೇಕು.

ಎಂಟನೆಯ ಹಂತ: ಬೆಳೆಸುವುದು, ಗೂಟ ಬದಲಾದಾಗ ಮತ್ತೆ ಕಟ್ಟುವುದು

ಯಾರೂ ನೆನಪಿಸದೆ, ಕ್ಯಾಲೆಂಡರನ್ನು ನೋಡದೆ, ಮಾಡಿದ ಮೇಲೆಯೇ ‘ಓ, ಆಯಿತಲ್ಲ’ ಎಂದು ತಿಳಿಯುವ ಸ್ಥಿತಿಗೆ ಬಂದ ಮೇಲೆ ಗಾತ್ರ ಹೆಚ್ಚಿಸಬಹುದು. ಗೇಟಿನಿಂದ ರಸ್ತೆಯ ತಿರುವಿಗೆ, ತಿರುವಿನಿಂದ ಅಂಗಡಿಗೆ, ಹೀಗೆ ನಿಧಾನವಾಗಿ ಬೆಳೆಸಿ ವಾರದ 150 ನಿಮಿಷಕ್ಕೆ ತಲುಪಲು ಆರು ತಿಂಗಳಾದರೂ ಚಿಂತೆಯಿಲ್ಲ. ಹೆಚ್ಚಿಸಿದ ಮೇಲೂ ಕನಿಷ್ಠದ ಅಳತೆಯನ್ನು ಮೊದಲಿನಷ್ಟೇ ಉಳಿಸಿಕೊಳ್ಳಿ. ಕೆಟ್ಟ ದಿನಗಳಿಗೆ ಅದು ಬೇಕೇ ಬೇಕು. ಎರಡನೆಯ ಅಭ್ಯಾಸವನ್ನು ಮೊದಲನೆಯದು ಒಂದು ಮಳೆಗಾಲ ದಾಟಿದ ಮೇಲೆ, ಆಟಿಯ ಮುಂದಿನ ತಿಂಗಳಾದ ಸೋಣ ಕಳೆದು ಬಿಸಿಲು ಮೂಡಿದಾಗ ಶುರುಮಾಡಿದರೆ ಒಳ್ಳೆಯದು. ಸೆಪ್ಟೆಂಬರ್ ಕೊನೆಗೆ ಆರಂಭಿಸಿದ್ದಕ್ಕೆ ಮುಂದಿನ ಮುಂಗಾರಿನವರೆಗೆ ಎಂಟು ತಿಂಗಳು, ಅಂದರೆ 240 ದಿನಕ್ಕೂ ಹೆಚ್ಚು ಕಾಲ ಸಿಗುತ್ತದೆ. ವಿಷುವಿಗೆ ಆರಂಭಿಸಿದ್ದಕ್ಕೆ ಸಿಗುವುದು ಏಳು ವಾರ ಮಾತ್ರ.

ಮನೆಯ ಸ್ಥಿತಿ ಬದಲಾದಾಗ ಗೂಟವೇ ಕಳಚಿಹೋಗುವುದುಂಟು. ಹಸು ಮಾರಿದರೆ ಹಟ್ಟಿಯ ಕೆಲಸಕ್ಕೆ ಕಟ್ಟಿದ ಅಭ್ಯಾಸ ನಿಲ್ಲುತ್ತದೆ. ಮಗಳು ಓದಲು ಮಂಗಳೂರಿನ ಹಾಸ್ಟೆಲಿಗೆ ಹೋದರೆ ದೀಪದ ಹೊತ್ತಿನ ಓದು ಇಬ್ಬರಿಗೂ ತಪ್ಪುತ್ತದೆ. ಇಂಥ ಬದಲಾವಣೆ ಬರುತ್ತದೆಂದು ತಿಳಿದ ಕೂಡಲೇ, ಅದು ಬರುವುದಕ್ಕೆ ಮುಂಚೆಯೇ, ಹೊಸ ಜಾಗದಲ್ಲೂ ತಪ್ಪದೆ ನಡೆಯುವ ಕೆಲಸ ಯಾವುದೆಂದು ಹುಡುಕಿ ವಾಕ್ಯವನ್ನು ಬದಲಿಸಬೇಕು. ಹಾಸ್ಟೆಲಿನಲ್ಲಿ ದೇವರ ದೀಪವಿಲ್ಲ, ರಾತ್ರಿಯ ಊಟವಿದೆ: ‘ಊಟ ಮುಗಿಸಿ ತಟ್ಟೆ ತೊಳೆದಿಟ್ಟ ಕೂಡಲೇ, ಮನೆಗೆ ಫೋನು ಮಾಡಿ ಒಂದು ಪುಟ ಓದಿ ಹೇಳುತ್ತೇನೆ.’ ಹೋಗುವ ಹಿಂದಿನ ವಾರವೇ ಇದನ್ನು ಮನೆಯಲ್ಲಿ ಅದೇ ಹೊತ್ತಿಗೆ, ಒಬ್ಬರು ಜಗಲಿಯಲ್ಲಿ ಇನ್ನೊಬ್ಬರು ಒಳಗಿನ ಕೋಣೆಯಲ್ಲಿ ಕುಳಿತು, ಫೋನಿನಲ್ಲೇ ಮಾಡಿ ನೋಡಬೇಕು. ಪುಸ್ತಕದ ಎರಡು ಪ್ರತಿ ಕೊಂಡು, ಒಂದನ್ನು ಅವಳ ಚೀಲದಲ್ಲಿ ಬಟ್ಟೆಗಳ ಮೇಲೆ, ತೆರೆದ ಕೂಡಲೇ ಕಾಣುವಂತೆ ಇಟ್ಟು ಕಳುಹಿಸಿ.